ಕ್ಯಾನ್ಸರ್ ಅಸಮಾನತೆಯ ಸಂಶೋಧನೆಗೆ ತಂಡ ಕಟ್ಟುವ ಬಗೆ: ಹಾಸನ–ಚಿಕ್ಕಮಗಳೂರು ಸೀಮೆಯವರಿಗೊಂದು ಕೈಪಿಡಿ

ಒಂದೇ ಬಗೆಯ ಕ್ಯಾನ್ಸರ್ ಬಂದ ಇಬ್ಬರಲ್ಲಿ ಒಬ್ಬರು ಗುಣವಾಗಿ ಮನೆಗೆ ಮರಳುತ್ತಾರೆ, ಇನ್ನೊಬ್ಬರು ಉಳಿಯುವುದಿಲ್ಲ. ಈ ವ್ಯತ್ಯಾಸಕ್ಕೆ ಗಡ್ಡೆಯ ಗುಣ ಎಷ್ಟು ಕಾರಣ, ಆ ವ್ಯಕ್ತಿಯ ಕೂಲಿ, ಜಾತಿ, ಲಿಂಗ ಮತ್ತು ಆಸ್ಪತ್ರೆಗಿರುವ ದೂರ ಎಷ್ಟು ಕಾರಣ ಎಂಬುದನ್ನು ಬಿಡಿಸಿ ನೋಡುವುದೇ ಆರೋಗ್ಯ ಅಸಮಾನತೆಯ ಸಂಶೋಧನೆ. ಅಮೆರಿಕದಲ್ಲಿ ಈ ಕ್ಷೇತ್ರ ಬಹಳ ಬೆಳೆದಿದೆ. ಅಲ್ಲಿನ ಕಪ್ಪು ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಳಿಯ ಮಹಿಳೆಯರಿಗಿಂತ ಸ್ವಲ್ಪ ಕಡಿಮೆಯೇ ಕಾಣಿಸಿಕೊಂಡರೂ ಅದರಿಂದಾಗುವ ಸಾವಿನ ಪ್ರಮಾಣ ಮಾತ್ರ ಸುಮಾರು ಶೇ. 40ರಷ್ಟು ಹೆಚ್ಚಾಗಿದೆ. ಅವರಲ್ಲಿ ಟ್ರಿಪಲ್ ನೆಗೆಟಿವ್ ಎಂಬ, ಅಂದರೆ ಎರಡು ಹಾರ್ಮೋನ್ ಗ್ರಾಹಕಗಳೂ ಎಚ್‌ಇಆರ್2 ಎಂಬ ಪ್ರೋಟೀನೂ ಪರೀಕ್ಷೆಯಲ್ಲಿ ಕಾಣದ, ಉಗ್ರ ಬಗೆಯ ಗಡ್ಡೆ ಹೆಚ್ಚೆಂಬುದು ಕಾರಣದ ಒಂದು ಪಾಲು. ತಡವಾದ ಪತ್ತೆ, ವಿಮೆಯ ಕೊರತೆ, ಅರ್ಧಕ್ಕೆ ನಿಂತ ಚಿಕಿತ್ಸೆ ಇವು ಉಳಿದ ಪಾಲು. ನಮ್ಮಲ್ಲಿಯೂ ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದ ಲೈನ್ ಮನೆಗಳಿಗೂ, ಅರಸೀಕೆರೆ, ಕಡೂರಿನ ಬಯಲುಸೀಮೆಯ ಹಟ್ಟಿ ಮತ್ತು ತಾಂಡಾಗಳಿಗೂ, ಹಾಸನ ಪಟ್ಟಣದ ಬಡಾವಣೆಗಳಿಗೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ವೈದ್ಯಕೀಯ ಕಾಲೇಜಿನಲ್ಲಾಗಲಿ ಸ್ವಯಂಸೇವಾ ಸಂಸ್ಥೆಯಲ್ಲಾಗಲಿ ಅಂಥ ಕೆಲಸಕ್ಕೆ ಕೈಹಾಕುವವರು ತಂಡವನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ನೇಮಕ ಕ್ಷೇತ್ರದಲ್ಲಿ ಓಡಾಡುವವರದ್ದಾಗಲಿ. ಯಂತ್ರದ ಖರೀದಿ ಆಮೇಲೆ. ಸಾಮಾನ್ಯವಾಗಿ ಇದು ತಿರುವುಮುರುವಾಗಿ ನಡೆಯುತ್ತದೆ. ಅನುದಾನ ಬಂದ ಕೂಡಲೇ ಫ್ರೀಜರ್, ಸೂಕ್ಷ್ಮದರ್ಶಕಗಳ ಟೆಂಡರ್ ಕರೆದು, ಮನೆಮನೆಗೆ ಹೋಗುವವರನ್ನು ಕಡೆಯಲ್ಲಿ ಉಳಿದ ಹಣದಲ್ಲಿ ಗುತ್ತಿಗೆಗೆ ತೆಗೆದುಕೊಳ್ಳಲಾಗುತ್ತದೆ. ಆಸ್ಪತ್ರೆಗೆ ಬಾರದೆ ಹೋದವರ ಲೆಕ್ಕವೇ ಅಸಮಾನತೆಯ ತಿರುಳಾಗಿರುವಾಗ, ಆಸ್ಪತ್ರೆಯಲ್ಲಿ ಕುಳಿತು ಅದನ್ನು ಅಳೆಯಲಾಗದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ, ಅಂದರೆ ರೋಗ ಬಂದವರೆಲ್ಲರ ಲೆಕ್ಕವಿಡುವ ಕೆಲಸ, 1982ರಿಂದ ನಡೆಯುತ್ತಿದೆಯಾದರೂ ಅದು ನಗರದ ಜನಸಂಖ್ಯೆಯನ್ನು ಆಧರಿಸಿದ್ದು. ಹಳ್ಳಿಗಳಿಗೆ ಸಂಬಂಧಿಸಿದಂತೆ ನಾವು ಗಮನಿಸಬೇಕಾದ ಮಾದರಿ ಮಹಾರಾಷ್ಟ್ರದ ಬಾರ್ಶಿಯದು. 1987ರಲ್ಲಿ ಆರಂಭವಾದ ಆ ಗ್ರಾಮೀಣ ನೋಂದಣಿಯ ಸಿಬ್ಬಂದಿ ರೋಗಿಗಳಿಗಾಗಿ ಕಾಯದೆ ಊರೂರಿಗೆ ಹೋಗಿ, ಲಕ್ಷಣಗಳ ಬಗ್ಗೆ ಜನರಿಗೆ ತಿಳಿಸಿ, ಅನುಮಾನವಿದ್ದವರನ್ನು ತಪಾಸಣೆಗೆ ಕರೆತಂದರು. ನೆರೆಯ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1999ರಲ್ಲಿ ಶುರುವಾದ ಗರ್ಭಕಂಠ ಕ್ಯಾನ್ಸರ್ ತಪಾಸಣೆಯ ಅಧ್ಯಯನವು, ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವನ್ನು ಪತ್ತೆಹಚ್ಚುವ ಒಂದೇ ಒಂದು ಬಾರಿಯ ಪರೀಕ್ಷೆಯಿಂದ ಸಾವುಗಳು ಸುಮಾರು ಅರ್ಧಕ್ಕಿಳಿದುದನ್ನು 2009ರಲ್ಲಿ ಪ್ರಕಟಿಸಿತು. ಜಗತ್ತು ಈಗಲೂ ಉಲ್ಲೇಖಿಸುವ ಆ ಫಲಿತಾಂಶದ ಹಿಂದೆ, ಹಳ್ಳಿಯ ಹೆಂಗಸರಿಂದ ಮಾದರಿ ಸಂಗ್ರಹಿಸಿದ ತರಬೇತಿ ಪಡೆದ ದಾದಿಯರಿದ್ದಾರೆ.

ಕ್ಷೇತ್ರ ಕಾರ್ಯಕರ್ತರನ್ನು ಆರಿಸುವಾಗ ಪದವಿಗಿಂತ ಭಾಷೆ ಮತ್ತು ನೆರೆಯ ಪರಿಚಯವನ್ನು ಮುಂದಿಟ್ಟು ನೋಡಿ. ಕಡೂರು, ತರೀಕೆರೆ, ಅರಸೀಕೆರೆಯ ತಾಂಡಾಗಳಿಗೆ ಲಂಬಾಣಿ ಬಲ್ಲವರು ಬೇಕು. ಮಲೆನಾಡಿನ ತೋಟಗಳಲ್ಲಿ ತುಳು, ತಮಿಳು ಆಡುವ ಕುಟುಂಬಗಳ ಜೊತೆಗೆ ಈಗ ಅಸ್ಸಾಮಿನ ಕಡೆಯಿಂದ ಬಂದ ಕೂಲಿಯವರೂ ಇದ್ದಾರೆ. ಸ್ತನದ ಗಂಟು, ಬಿಳಿಮುಟ್ಟು, ರಕ್ತಸ್ರಾವದ ಮಾತನ್ನು ಗಂಡಸರೆದುರು ಯಾವ ಹೆಂಗಸೂ ಬಿಚ್ಚಿ ಹೇಳುವುದಿಲ್ಲವಾದ್ದರಿಂದ, ಕಾರ್ಯಕರ್ತರಲ್ಲಿ ಹೆಚ್ಚಿನವರು ಹೆಂಗಸರೇ ಆಗಿರಲಿ, ಸಾಧ್ಯವಾದರೆ ಮದುವೆಯಾದವರಾಗಿರಲಿ.

ಅವರಿಗೆ ಕೊಡುವ ತರಬೇತಿಯಲ್ಲಿ ಅತಿ ಹೆಚ್ಚು ಸಮಯ ಸಲ್ಲಬೇಕಾದುದು ತಾರೀಖು ಹಿಡಿಯುವ ಕಲೆಗೆ. ಅಸಮಾನತೆಯ ಅಧ್ಯಯನದ ಬೆನ್ನೆಲುಬು ನಾಲ್ಕು ದಿನಾಂಕಗಳು: ಲಕ್ಷಣ ಮೊದಲು ಗಮನಕ್ಕೆ ಬಂದದ್ದು, ಮೊದಲ ಬಾರಿ ವೈದ್ಯರಿಗೆ ತೋರಿಸಿದ್ದು, ಬಯಾಪ್ಸಿಯ (ಗಡ್ಡೆಯ ತುಣುಕಿನ ಪರೀಕ್ಷೆಯ) ವರದಿ ಕೈಸೇರಿದ್ದು, ಚಿಕಿತ್ಸೆ ಆರಂಭವಾದದ್ದು. ಮೊದಲೆರಡರ ನಡುವಿನ ಅಂತರ ದೊಡ್ಡದಾಗಿದ್ದರೆ ಮನೆಯ, ಕೂಲಿಯ, ಅಂಜಿಕೆಯ ಕಡೆ ನೋಡಬೇಕು. ನಂತರದ ಅಂತರಗಳು ದೊಡ್ಡದಾಗಿದ್ದರೆ ಆಸ್ಪತ್ರೆಯ ಕಡೆ ನೋಡಬೇಕು. ಆದರೆ ಲೈನ್ ಮನೆಯ ಜಗಲಿಯ ಮೇಲೆ ಕುಳಿತು "ಯಾವ ತಿಂಗಳು, ಯಾವ ತಾರೀಖು?" ಎಂದರೆ ಉತ್ತರ ಬರುವುದಿಲ್ಲ. "ಗಂಟು ಮೊದ್ಲು ಕೈಗೆ ಸಿಕ್ಕಿದ್ದು ಯಾವಾಗ ಅಕ್ಕಾ, ಕಾಫಿ ಕುಯ್ಲು ಶುರುವಾಗಿತ್ತಾ?" ಎಂದು ಕೇಳಿದರೆ, "ಇನ್ನೂ ಇಲ್ಲ ಕಣಮ್ಮ, ಹಾಸನಾಂಬೆ ಬಾಗ್ಲು ತೆಗ್ದಿದ್ರು, ಆವಾಗ" ಎಂದು ಮಾತು ಹೊರಡುತ್ತದೆ. ಆದ್ದರಿಂದ ಪ್ರತಿ ಕಾರ್ಯಕರ್ತೆಯ ಚೀಲದಲ್ಲಿ ಸ್ಥಳೀಯ ಕ್ಯಾಲೆಂಡರೊಂದು ಇರಬೇಕು. ಹೂಮಳೆ, ಬೇಲೂರಿನ ತೇರು, ಆರಿದ್ರಾ ಮಳೆ, ಗೌರಿ ಹಬ್ಬ, ಹಾಸನಾಂಬೆಯ ದರ್ಶನ, ರಾಗಿ ಕೊಯ್ಲು, ಕಾಫಿ ಕುಯ್ಲು, ಆಯಾ ಊರಿನ ಜಾತ್ರೆ ಇವೆಲ್ಲ ಆ ವರ್ಷ ಯಾವ ವಾರಗಳಲ್ಲಿ ಬಂದಿದ್ದವು ಎಂಬುದನ್ನು ಅದರಲ್ಲಿ ಗುರುತು ಮಾಡಿರಬೇಕು. ಈ ಕ್ಯಾಲೆಂಡರನ್ನು ಕಚೇರಿಯಲ್ಲಿ ತಯಾರಿಸಿ ಹಂಚುವುದಕ್ಕಿಂತ ಕಾರ್ಯಕರ್ತೆಯರೇ ಕುಳಿತು ರೂಪಿಸುವುದು ಮೇಲು, ಏಕೆಂದರೆ ಮೂಡಿಗೆರೆಯ ಗುರುತುಗಳು ಅರಸೀಕೆರೆಗೆ ಹೊಂದುವುದಿಲ್ಲ.

ತೋಟಗಳೊಳಗೆ ಪ್ರವೇಶ ಸಿಗುವುದು ಮಾಲೀಕರ ಮತ್ತು ತೋಟದ ಲೆಕ್ಕ ನೋಡುವ ರೈಟರ ಒಪ್ಪಿಗೆಯಿಂದ. ಅದನ್ನು ಪತ್ರದ ಮೂಲಕವೇ ಕೇಳಿ ಪಡೆಯಬೇಕು. ಆದರೆ ಸಂದರ್ಶನದ ವೇಳೆ ರೈಟರಾಗಲಿ ಮೇಸ್ತ್ರಿಯಾಗಲಿ ಪಕ್ಕದಲ್ಲಿರಬಾರದೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಯಿರಿ. ಕಾಯಿಲೆಯ ಸುದ್ದಿ ತಿಳಿದರೆ ಕೆಲಸ ಹೋಗಬಹುದೆಂಬ ಭಯ ಕೂಲಿಯವರಿಗೆ ಇದ್ದೇ ಇರುತ್ತದೆ. ಕೆಲಸದ ಹೊತ್ತಿನಲ್ಲಿ ಕರೆದು ಕೂರಿಸಿದರೆ ಆ ದಿನದ ಸಂಬಳವನ್ನು ತಂಡವೇ ಕಟ್ಟಿಕೊಡಬೇಕು. ಸಂತೆಯ ದಿನ ಮನೆಗಳಲ್ಲಿ ಯಾರೂ ಸಿಗುವುದಿಲ್ಲ.

ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದುದು. ಮೂವತ್ತು ದಾಟಿದವರ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಜನರನ್ನು ಕಳುಹಿಸುವುದು ಈಗಾಗಲೇ ಅವರ ಹೆಗಲ ಮೇಲಿದೆ. ಅವರ ನೆರವಿಲ್ಲದೆ ಯಾವ ಹಳ್ಳಿಯೂ ತೆರೆದುಕೊಳ್ಳುವುದಿಲ್ಲ ಎಂಬುದು ನಿಜವಾದ್ದರಿಂದಲೇ, ಅವರ ಪ್ರತಿ ಭೇಟಿಗೂ ಗೌರವಧನವನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಬೇಕು. "ಸಹಕರಿಸಿ" ಎಂಬ ಸುತ್ತೋಲೆಯ ಬಲದಿಂದ ಬಿಟ್ಟಿ ದುಡಿಸಿಕೊಳ್ಳುವುದು, ಅಸಮಾನತೆಯನ್ನು ಅಧ್ಯಯನ ಮಾಡುವ ತಂಡಕ್ಕೆ ತಕ್ಕುದಲ್ಲ.

ಇನ್ನು ಗಡ್ಡೆಯ ತುಣುಕನ್ನು ಕೈಯಲ್ಲಿ ಹಿಡಿಯುವವರ ವಿಚಾರ. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಬಡತನ ಇಲ್ಲಿ ಯಾರಿಗೂ ಕಾಣದಂತೆ ಪ್ರಯೋಗಾಲಯದ ಫಲಿತಾಂಶದೊಳಕ್ಕೇ ನುಗ್ಗಿಬಿಡುತ್ತದೆ. ದೇಹದಿಂದ ತೆಗೆದ ತುಣುಕು ಒಂದು ಗಂಟೆಯೊಳಗೆ ಅದನ್ನು ಕೆಡದಂತೆ ಕಾಪಾಡುವ ಶೇ. 10ರ ಬಫರ್ ಮಾಡಿದ ಫಾರ್ಮಲಿನ್ ದ್ರಾವಣಕ್ಕೆ ಬೀಳಬೇಕು. ದ್ರಾವಣ ತುಣುಕಿನ ಹತ್ತು ಪಟ್ಟಾದರೂ ಇರಬೇಕು. ಅದರಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇದ್ದು ಮುಂದಿನ ಹಂತಕ್ಕೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಶನಿವಾರ ಮಧ್ಯಾಹ್ನ ತೆಗೆದ ತುಣುಕು ಚಿಕ್ಕ ಡಬ್ಬಿಯಲ್ಲಿ ಅರೆಬರೆ ದ್ರಾವಣದಲ್ಲಿ ಮುಳುಗಿ, ಬಸ್ಸಿನ ಪಾರ್ಸೆಲ್ಲಿನಲ್ಲಿ ಸೋಮವಾರವೋ ಮಂಗಳವಾರವೋ ಹಾಸನ ತಲುಪಿದರೆ, ಈಸ್ಟ್ರೋಜನ್ ಗ್ರಾಹಕಗಳು ನಿಜಕ್ಕೂ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಆಗ ಹಾರ್ಮೋನ್ ಮಾತ್ರೆಗೆ ಬಗ್ಗಬಹುದಾಗಿದ್ದ ಗಡ್ಡೆ ವರದಿಯಲ್ಲಿ ಟ್ರಿಪಲ್ ನೆಗೆಟಿವ್ ಆಗಿ ದಾಖಲಾಗಬಹುದು. ಆ ಹೆಂಗಸಿಗೆ ಸಲ್ಲಬೇಕಾದ ಅಗ್ಗದ ಮಾತ್ರೆ ತಪ್ಪುತ್ತದೆ. ಸಂಶೋಧಕರು "ಈ ಭಾಗದ ಬಡ ಹೆಂಗಸರಲ್ಲಿ ಉಗ್ರ ಬಗೆಯ ಗಡ್ಡೆಯೇ ಹೆಚ್ಚು" ಎಂದು ಬರೆಯುತ್ತಾರೆ. ರಸ್ತೆಯ, ರಜೆಯ, ಡಬ್ಬಿಯ ದೋಷ ರಕ್ತದ ದೋಷವಾಗಿಬಿಡುತ್ತದೆ.

ಇದನ್ನು ತಡೆಯಲು ಮಾದರಿ ಸಾಗಣೆಯ ಪೂರ್ಣ ಹೊಣೆಯನ್ನು ಒಬ್ಬ ಕಾಯಂ ತಂತ್ರಜ್ಞರಿಗೆ ವಹಿಸಬೇಕು. ಪ್ರತಿ ಡಬ್ಬಿಯ ಮೇಲೆ ತುಣುಕು ತೆಗೆದ ಗಂಟೆ, ಫಾರ್ಮಲಿನ್‌ಗೆ ಹಾಕಿದ ಗಂಟೆ, ಹೊರತೆಗೆದ ಗಂಟೆ ಈ ಮೂರನ್ನೂ ಬರೆಯುವುದು ಕಡ್ಡಾಯವಾಗಲಿ, ಮತ್ತು ಶಸ್ತ್ರಕ್ರಿಯಾ ಕೊಠಡಿಯ ದಾದಿಯೇ ಮೊದಲೆರಡನ್ನು ಬರೆಯುವಂತೆ ಅವರಿಗೆ ತಿಳಿಹೇಳಿ, ಅಗಲ ಬಾಯಿಯ ಡಬ್ಬಿಗಳನ್ನೂ ಅಳತೆಯ ದ್ರಾವಣವನ್ನೂ ತಂಡವೇ ಒದಗಿಸಲಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಜರಿದು ದಾರಿ ಮುಚ್ಚುವ ಮಳೆಗಾಲದಲ್ಲಿ, ಮಂಗಳೂರು, ಮಣಿಪಾಲದ ಕಡೆ ಕಳುಹಿಸುವ ಮಾದರಿಗಳಿಗೆ ಬದಲಿ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆರ್‌ಎನ್‌ಎ ಅಧ್ಯಯನಕ್ಕೆ ಮೈನಸ್ 80 ಡಿಗ್ರಿಯ ಫ್ರೀಜರ್ ಇಡುವುದಾದರೆ ಜನರೇಟರ್ ಸಾಲದು. ಕರೆಂಟು ಹೋದ ರಾತ್ರಿ ಬಂದು ನೋಡುವ ವ್ಯಕ್ತಿಯ ಹೆಸರು ಗೋಡೆಯ ಮೇಲಿರಬೇಕು.

ಪೆಥಾಲಜಿಸ್ಟ್ (ಗಡ್ಡೆಯ ತುಣುಕನ್ನು ಪರೀಕ್ಷಿಸಿ ರೋಗ ಗುರುತಿಸುವ ವೈದ್ಯ), ಅಂಕಿಅಂಶ ತಜ್ಞ, ಸಮಾಜಶಾಸ್ತ್ರಜ್ಞ ಈ ಮೂವರೂ ಪ್ರಶ್ನಾವಳಿ ಅಚ್ಚಾಗುವ ಮೊದಲೇ ತಂಡದಲ್ಲಿರಬೇಕು. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಇವನ್ನು ಬೇರೆಬೇರೆಯಾಗಿ ಕೇಳಬೇಕೆಂಬುದು ಇಲ್ಲಿಯ ಬಾಯಿ ಕ್ಯಾನ್ಸರ್ ಅಧ್ಯಯನಕ್ಕೆ ಅತ್ಯಗತ್ಯ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲಿಯೇ ವರ್ಗೀಕರಿಸಿದೆ. ಅಡಿಕೆ ಬೆಳೆದೇ ಬದುಕುವ ಕೊಪ್ಪ, ಶೃಂಗೇರಿಯ ಮನೆಗಳಲ್ಲಿ ಈ ಪ್ರಶ್ನೆಯನ್ನು ನೋವಾಗದಂತೆ ಕೇಳುವುದನ್ನು ಕಾರ್ಯಕರ್ತೆಯರು ಕಲಿತಿರಬೇಕು.

ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಹನಿ ರಕ್ತವನ್ನೂ ತೆಗೆಯುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಸದಸ್ಯರಿದ್ದು, ಅವರಲ್ಲಿ ಕಾನೂನು ಬಲ್ಲವರೂ ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಇರಬೇಕು. ಆ ನಾಗರಿಕರ ಸ್ಥಾನಕ್ಕೆ ನಿವೃತ್ತ ಅಧಿಕಾರಿಗಳ ಬದಲು ಕ್ಯಾನ್ಸರ್ ದಾಟಿ ಬಂದ ಒಬ್ಬ ಕೂಲಿಕಾರರನ್ನೋ ರೈತಮಹಿಳೆಯನ್ನೋ ಕರೆತರುವಂತೆ ಸಂಸ್ಥೆಯ ಮುಖ್ಯಸ್ಥರನ್ನು ಒಪ್ಪಿಸಲು ಪ್ರಯತ್ನಿಸಿ. ಓದುಬರಹ ಬಾರದವರ ಹೆಬ್ಬೆಟ್ಟು ಪಡೆಯುವಾಗ ತಂಡಕ್ಕೆ ಸೇರದ, ಓದಬಲ್ಲ ಸಾಕ್ಷಿಯೊಬ್ಬರು ಜೊತೆಗಿರಬೇಕು. ಮಾದರಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಲಾಗುತ್ತದೆ, ಬೇರೆ ಅಧ್ಯಯನಕ್ಕೆ ಬಳಸಲಾಗುತ್ತದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ, ಅವರು ಮನೆಯವರೊಂದಿಗೆ ಮಾತಾಡಿಕೊಳ್ಳಲು ಒಂದು ರಾತ್ರಿಯಾದರೂ ಬಿಡಿ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಅವರಿಗೆ ತಿಳಿಸದೆಯೇ ತೆಗೆದ ಜೀವಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ತಂಡಕ್ಕೆ ಸೇರುವ ಪ್ರತಿಯೊಬ್ಬರಿಗೂ ಈ ಚರಿತ್ರೆ ತಿಳಿದಿರಬೇಕು.

ರೋಗಿಯ ಜೊತೆ ನಡೆಯುವ ಒಬ್ಬರು ತಂಡದಲ್ಲಿಲ್ಲದಿದ್ದರೆ ಅಧ್ಯಯನ ಆರಂಭಿಸಬೇಡಿ. ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ಇಂಥ ಜೊತೆಗಾರರನ್ನು ನೇಮಿಸಿದರು. ಹಿಂದೆ ಶೇ. 39ರಷ್ಟಿದ್ದ ಸ್ತನ ಕ್ಯಾನ್ಸರ್ ರೋಗಿಗಳ ಐದು ವರ್ಷದ ಬದುಕುಳಿಯುವಿಕೆ, ಅಗ್ಗದ ತಪಾಸಣೆಯೂ ಈ ನೆರವೂ ಸೇರಿ, ಶೇ. 70ಕ್ಕೇರಿತು. ನಮ್ಮಲ್ಲಿ ಈ ಜೊತೆಗಾರರ ಕೆಲಸ ತೀರ ನಿರ್ದಿಷ್ಟವಾದುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯವಿದೆ; ಆದರೆ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್‌ನಲ್ಲಿ ಹೆಸರಿನ ಒಂದಕ್ಷರ ಹೊಂದದಿದ್ದರೂ ಜನ ಕೌಂಟರಿನಿಂದಲೇ ಹಿಂದಿರುಗುತ್ತಾರೆ. ಆ ಕಾಗದಗಳನ್ನು ಮನೆಯಲ್ಲಿಯೇ ನೋಡಿ ಸರಿಪಡಿಸುವುದು, ಹಾಸನದಿಂದ ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ರೇಡಿಯೇಷನ್ ನಡೆಯುವ ವಾರಗಳಲ್ಲಿ ಉಳಿಯುವ ಜಾಗ ಹುಡುಕುವುದು, ಊರಿನಲ್ಲಿ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುವವರು ಯಾರೆಂದು ಕೇಳುವುದು ಇವರ ಹೊಣೆ. ಹೀಗೆ ನೆರವಾದರೆ ಅಧ್ಯಯನದ ಫಲಿತಾಂಶ ಕೆಡುತ್ತದೆಂದು ಆಕ್ಷೇಪಿಸುವವರಿದ್ದಾರೆ. ಯಾವ ನೆರವು, ಯಾವ ದಿನ ಎಂಬುದನ್ನು ದಾಖಲಿಸಿದರೆ ಅಂಕಿಅಂಶ ತಜ್ಞರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲರು. ಗಡ್ಡೆ ಬೆಳೆಯುವುದನ್ನು ಸುಮ್ಮನೆ ನೋಡುತ್ತ ದಿನ ಎಣಿಸುವ ಅಧಿಕಾರ ಯಾವ ಸಂಶೋಧಕರಿಗೂ ಇಲ್ಲ.

ಪ್ರಬಂಧದಲ್ಲಿ ಯಾರ ಹೆಸರು ಬರಬೇಕೆಂಬುದನ್ನು ಕೆಲಸ ಶುರುವಾಗುವ ದಿನವೇ ಬರೆದಿಟ್ಟುಕೊಳ್ಳಿ. ಪ್ರಶ್ನೆಗಳನ್ನು ರೂಪಿಸಿ, ಕರಡನ್ನು ಓದಿ ತಿದ್ದಿದ ಕ್ಷೇತ್ರ ಮೇಲ್ವಿಚಾರಕಿ ಲೇಖಕರ ಸಾಲಿನಲ್ಲಿರಲು ಅರ್ಹಳು. ಅವಳಿಗೆ ಇಂಗ್ಲಿಷ್ ಬಾರದೆಂಬುದು ಅಡ್ಡಿಯಾಗದಂತೆ ಕರಡನ್ನು ಕನ್ನಡದಲ್ಲಿ ಓದಿ ಹೇಳಬೇಕು. ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ಮೇಲೆ, ಮಾಹಿತಿ ಕೊಟ್ಟ ಊರುಗಳಲ್ಲಿಯೇ ಸಭೆ ಸೇರಿಸಿ ಕಂಡುಬಂದದ್ದನ್ನು ತಿಳಿಸಿ. ಯಾರೊಬ್ಬರ ಕಾಯಿಲೆಯೂ ಬಯಲಾಗದಂತೆ ಎಚ್ಚರ ವಹಿಸಿ, ಅಂಕಿಗಳನ್ನು ಊರುವಾರು ಹೇಳದೆ ಹೋಬಳಿವಾರು ಹೇಳಿ, ತಾಲ್ಲೂಕು ಆರೋಗ್ಯಾಧಿಕಾರಿಯನ್ನೂ ಗ್ರಾಮ ಪಂಚಾಯಿತಿ ಸದಸ್ಯರನ್ನೂ ಆ ಸಭೆಗೆ ಕರೆಯಿರಿ. ಅಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಒಬ್ಬರು ಬರೆದುಕೊಂಡು, ಮುಂದಿನ ವರ್ಷದ ಪ್ರಶ್ನಾವಳಿ ತಿದ್ದುವಾಗ ಮೇಜಿನ ಮೇಲಿಡಬೇಕು.