ಹಿಡಿಸೂಡಿಯಿಂದ ನಕ್ಷತ್ರ, ರಾಗಿಯಿಂದ ಗದ್ದೆ

ಮೊದಲು ಮನೆಯ ಮೂಲೆಯಲ್ಲಿರುವ ಹಳೇ ಹಿಡಿಸೂಡಿ ಹುಡುಕಿ. ಬೆಂಗಳೂರಿನವರು ತೆಂಗಿನ ಕಡ್ಡಿ ಪೊರಕೆ ಅನ್ನಿ, ಅದೇ. ಗುಡಿಸಿ ಗುಡಿಸಿ ತುದಿ ಸವೆದಿದ್ದರೂ ಪರವಾಗಿಲ್ಲ, ನಮಗೆ ಬೇಕಿರುವುದು ಬುಡದ ಕಡೆಯ ಗಟ್ಟಿ ಭಾಗ. ಈ ಸಲದ ಕ್ರಿಸ್‌ಮಸ್ ನಕ್ಷತ್ರ ಅದರಲ್ಲೇ ಆಗುತ್ತದೆ.

ಮಂಗಳೂರು ಕಡೆ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆ ಯಾವುದೆಂದು ಯಾರೂ ಕೇಳಬೇಕಿಲ್ಲ. ಜಗಲಿಯಲ್ಲೋ ಅಂಗಳದ ಮಾವಿನ ಮರದಲ್ಲೋ ನಕ್ಷತ್ರ ತೂಗುತ್ತಿರುತ್ತದೆ. ಈಗ ಹೆಚ್ಚಿನವು ಅಂಗಡಿಯವು, ಮಡಚಿದ್ದನ್ನು ತಂದು ಬಿಚ್ಚಿದರೆ ಮುಗಿಯಿತು. ನಾವು ಚಿಕ್ಕವರಿದ್ದಾಗ ಪಪ್ಪ ಬಿದಿರು ಸೀಳಿ ಕಟ್ಟುತ್ತಿದ್ದರು. ದೀಪಾವಳಿಗೆ ಗೂಡುದೀಪ ಮಾಡುತ್ತಿದ್ದ ಪಕ್ಕದ ಮನೆಯವರದ್ದೂ ಅದೇ ಬಿದಿರು, ಅದೇ ಅಂಟು. ಅವರಲ್ಲಿ ಉಳಿದ ಬಣ್ಣದ ಕಾಗದ ಬೇಲಿ ದಾಟಿ ನಮ್ಮನೆಗೆ ಬರುತ್ತಿತ್ತು. ಈಗ ಫ್ಲಾಟಿನಲ್ಲಿ ಕೂತು ಬಿದಿರು ಸೀಳುವುದು ಆಗದ ಮಾತು. ಅದಕ್ಕೇ ಹಿಡಿಸೂಡಿ.

ಕಡ್ಡಿ ಕಟ್ಟುವುದು

ಸುಮಾರು 45 ಸೆಂ.ಮೀ. ಉದ್ದದ 20 ಕಡ್ಡಿ ಆರಿಸಿ. ಒಂದು ಗಂಟೆ ನೀರಲ್ಲಿ ನೆನೆಸಿಡಿ, ಬಾಗಿಸುವಾಗ ಮುರಿಯುವುದಿಲ್ಲ. ತೆಂಗಿನ ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಹಾಗಾಗಿ ಎರಡೆರಡು ಕಡ್ಡಿ ಜೋಡಿಸುವಾಗ ಒಂದರ ಬುಡಕ್ಕೆ ಇನ್ನೊಂದರ ತುದಿ ಬರಲಿ. ಮೂರು ಕಡೆ ನೂಲು ಸುತ್ತಿ ಬಿಗಿಯಿರಿ. ಈಗ ಉದ್ದಕ್ಕೂ ಒಂದೇ ದಪ್ಪದ 10 ಗಟ್ಟಿ ಕಡ್ಡಿ ಕೈಯಲ್ಲಿವೆ.

ಪ್ರತಿ ಕಡ್ಡಿಗೂ ಎರಡೂ ತುದಿಯಿಂದ 17 ಸೆಂ.ಮೀ. ಅಳೆದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ. ನಡುವೆ ಸುಮಾರು 11 ಸೆಂ.ಮೀ. ಉಳಿಯುತ್ತದೆ. ಈ ಒಂದು ಕೆಲಸ ಬಿಟ್ಟರೆ ನಕ್ಷತ್ರ ಸೊಟ್ಟಗಾಗುವುದು ಖಂಡಿತ. ಬೇರೆ ಅಳತೆಯ ಕಡ್ಡಿಯಾದರೆ ಉದ್ದದ ನೂರಕ್ಕೆ 38 ಪಾಲು ಲೆಕ್ಕ ಹಾಕಿ. 60 ಸೆಂ.ಮೀ. ಕಡ್ಡಿಗೆ ಗುರುತು 23ರಲ್ಲಿ ಬರುತ್ತದೆ.

ಶಾಲೆಯಲ್ಲಿ ಪೆನ್ನೆತ್ತದೆ ಐದೇ ಗೆರೆಯಲ್ಲಿ ನಕ್ಷತ್ರ ಬರೆಯುತ್ತಿದ್ದೆವು, ಅಲ್ವಾ? ಅದೇ ರೀತಿ ಐದು ಕಡ್ಡಿ ನೆಲದ ಮೇಲೆ ಇಡಿ. ಚಾಪೆ ಹೆಣೆದ ಹಾಗೆ ಪ್ರತಿ ಕಡ್ಡಿಯೂ ಒಂದರ ಮೇಲೆ, ಇನ್ನೊಂದರ ಕೆಳಗೆ ಹೋಗಬೇಕು. ಐದು ತುದಿಗಳನ್ನು ಕಟ್ಟಿ. ಒಳಗೆ ಕಡ್ಡಿಗಳು ದಾಟುವ ಐದು ಜಾಗಗಳನ್ನು ಗುರುತಿಗೆ ಸರಿಯಾಗಿ ಸರಿಸಿ, ಅಲ್ಲೂ ಕಟ್ಟಿ. ಇನ್ನೈದು ಕಡ್ಡಿಯಲ್ಲಿ ಇಂಥದ್ದೇ ಇನ್ನೊಂದು ಮಾಡಿ.

ರಬ್ಬರ್ ಬ್ಯಾಂಡ್ ಸುಲಭ ಅಂತ ನಾನೊಮ್ಮೆ ಅದನ್ನೇ ಹಾಕಿದ್ದೆ. ಡಿಸೆಂಬರ್ 23ರ ರಾತ್ರಿ ಪಟಪಟ ಅಂತ ಒಂದೊಂದೇ ಹರಿದು ನಕ್ಷತ್ರ ಮತ್ತೆ ಪೊರಕೆಯಾಯಿತು. ನೂಲೇ ಇರಲಿ.

ಈಗ ಎರಡು ನಕ್ಷತ್ರಗಳನ್ನು ಒಂದರ ಮೇಲೊಂದಿಟ್ಟು ತುದಿಗೆ ತುದಿ ಕಟ್ಟಿ. 8 ಸೆಂ.ಮೀ. ಉದ್ದದ ಐದು ಗಿಡ್ಡ ಕಡ್ಡಿ ಬೇಕು. ಒಳಗಿನ ಐದು ಕೂಡುವ ಜಾಗಗಳಲ್ಲಿ, ಎರಡು ನಕ್ಷತ್ರಗಳ ನಡುವೆ ಇವನ್ನು ಊರುಗೋಲಿನಂತೆ ನಿಲ್ಲಿಸಬೇಕು. ಒಂದನ್ನು ನಿಲ್ಲಿಸಿ ಬಿಗಿದುಬಿಟ್ಟರೆ ಉಳಿದದ್ದು ತಿರುಚಿಕೊಳ್ಳುತ್ತದೆ. ಐದನ್ನೂ ಸಡಿಲವಾಗಿ ನಿಲ್ಲಿಸಿ, ಆಮೇಲೆ ಸುತ್ತು ಬಂದು ಬಿಗಿಯಿರಿ. ಚಪ್ಪಟೆ ನಕ್ಷತ್ರಕ್ಕೆ ಹೊಟ್ಟೆ ಬರುವುದು ಇಲ್ಲಿ. ಮಕ್ಕಳನ್ನು ಈ ಹೊತ್ತಿಗೆ ಕರೆಯಿರಿ, ಮೊದಲೇ ಕರೆದರೆ ಕಡ್ಡಿ ಕತ್ತಿಯಾಗುತ್ತದೆ.

ಕಾಗದ, ಅಂಟು, ದೀಪ

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಯಂತೆ ಮಂದವಾಗುವವರೆಗೆ ಕಾಯಿಸಿ. ಆರಿದ ಮೇಲೆ ಬಳಸಿ.

ಕಾಗದ ತೆಳ್ಳಗಿರಬೇಕು. ಗಾಳಿಪಟದ ಕಾಗದ, ಉಡುಗೊರೆ ಜೊತೆ ಬಂದ ಟಿಶ್ಯೂ, ಬಟರ್ ಪೇಪರ್ ಎಲ್ಲವೂ ಆಗುತ್ತವೆ. ಹಳೇ ಪತ್ರಿಕೆಗೆ ಎಣ್ಣೆ ಸವರಿದರೆ ಬೆಳಕು ದಾಟುತ್ತದೆ ಅಂತ ಹೇಳುವವರಿದ್ದಾರೆ. ದಾಟುತ್ತದೆ ನಿಜ. ಆದರೆ ಧೂಳು ಅಂಟುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ನಾನಂತೂ ಬೇಡ ಅನ್ನುತ್ತೇನೆ.

ಮುಂದಿನ ಐದು ತೋಳು, ಹಿಂದಿನ ಐದು ತೋಳು, ಬದಿಯಲ್ಲಿ ಹತ್ತು ಸಪೂರ ತ್ರಿಕೋನ, ಮುಂದೆ ನಡುವಿನ ಐದು ಮೂಲೆಯ ಒಂದು ಭಾಗ. ಇಷ್ಟಕ್ಕೆ ಕಾಗದ ಬೇಕು. ಲೆಕ್ಕ ಹಾಕಿ ಕತ್ತರಿಸಲು ಹೋಗಬೇಡಿ. ಚೌಕಟ್ಟನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದು, ಸುತ್ತಲೂ ಒಂದು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿ. ಆ ಅಂಚನ್ನು ಕಡ್ಡಿಗೆ ಮಡಚಿ ಅಂಟಿಸಿ. ತೋಳಿಗೆ ಕೆಂಪು, ಬದಿಗೆ ಬಿಳಿ ಹಾಕಿದರೆ ರಾತ್ರಿ ಚೆಂದ ಕಾಣುತ್ತದೆ. ಹಿಂದಿನ ನಡುಭಾಗ ತೆರೆದೇ ಇರಲಿ. ಬಲ್ಬ್ ಇಳಿಸಲೂ ಅದೇ ಬಾಗಿಲು, ಬಿಸಿ ಹೋಗಲೂ ಅದೇ.

ಬಲ್ಬ್ ಎಲ್‌ಇಡಿಯೇ ಆಗಿರಲಿ, 3 ವ್ಯಾಟ್ ಧಾರಾಳ ಸಾಕು. ಹಳೇ ಕಾಲದ ತಂತಿಯ ಬಲ್ಬ್ ಬೇಡ, ಒಳಗೆ ಮೇಣದಬತ್ತಿಯಂತೂ ಬೇಡವೇ ಬೇಡ. ಭಾರ ವೈರಿನ ಮೇಲೆ ಬೀಳದಂತೆ ಮೇಲಿನ ತುದಿಗೆ ಬೇರೆಯೇ ದಾರ ಕಟ್ಟಿ ತೂಗುಹಾಕಿ.

ಗೋದಲಿಗೆ ಹಸಿರು

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಒಣಹುಲ್ಲು ಹರವಿ, ಎತ್ತು, ಕತ್ತೆ ನಿಲ್ಲಿಸಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರ ಕಣ್ಣಮುಂದೆ ತಂದರು. ಆ ಕೊಟ್ಟಿಗೆಯ ಮಾದರಿಯೇ ಗೋದಲಿ. ನಮ್ಮ ಕರಾವಳಿಯ ಗೋದಲಿಯಲ್ಲಿ ಕೊಟ್ಟಿಗೆ ಪಕ್ಕ ಗದ್ದೆಯೂ ಇರುತ್ತದೆ, ಗದ್ದೆಗೆ ಬದುವೂ ಇರುತ್ತದೆ. ಬೆತ್ಲೆಹೇಮಿನಲ್ಲಿ ಭತ್ತದ ಗದ್ದೆ ಎಲ್ಲಿತ್ತು ಅಂತ ನಮ್ಮನೆಯಲ್ಲಿ ಯಾರೂ ಕೇಳಲಿಲ್ಲ.

ಆ ಗದ್ದೆ ಬೆಳೆಯುವುದು ರಾಗಿಯಿಂದ. ಡಿಸೆಂಬರ್ 13ರ ರಾತ್ರಿ ಒಂದು ಹಿಡಿ ರಾಗಿ ನೆನೆಸಿ. ಮರುದಿನ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಇಣುಕಿದ ಕೂಡಲೇ ಹಳೇ ತಟ್ಟೆಯಲ್ಲಿ ಒಂದು ಬೆರಳಿನಷ್ಟು ಮಣ್ಣು ಹರವಿ ಒತ್ತೊತ್ತಾಗಿ ಚೆಲ್ಲಿ. ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಕಿಟಕಿಯ ಬಿಸಿಲಿಗಿಡಿ. ಬಿಸಿಲು ತಾಗದಿದ್ದರೆ ಪೈರು ಹಳದಿಯಾಗಿ ಅಡ್ಡ ಬೀಳುತ್ತದೆ. ನೀರು ಸುರಿಯಬೇಡಿ, ದಿನಕ್ಕೆರಡು ಸಲ ಚಿಮುಕಿಸಿ. 24ರ ಹೊತ್ತಿಗೆ ತಟ್ಟೆ ತುಂಬ ಹಸಿರು. ರಾಗಿ ತಡವಾಯಿತೇ? ಸಾಸಿವೆ ಅಥವಾ ಮೆಂತ್ಯ ಚೆಲ್ಲಿ. ಬೇಗ ಬರುತ್ತದೆ, ಆದರೆ ಗದ್ದೆಯಂತೆ ಕಾಣುವುದಿಲ್ಲ, ಸೊಪ್ಪಿನ ಮಡಿಯಂತೆ ಕಾಣುತ್ತದೆ.

ಕೊಟ್ಟಿಗೆಗೆ ಚಪ್ಪಲಿ ಡಬ್ಬ ಸಾಕು. ಒಂದು ಬದಿ ಕತ್ತರಿಸಿ ತೆಗೆದು, ಮುಚ್ಚಳವನ್ನು ನಡುವೆ ಮಡಚಿ ಮಾಡು, ಅಂದರೆ ಚಾವಣಿ ಮಾಡಿ. ಮಾಡಿಗೆ ಒಣಹುಲ್ಲು ಹೊದೆಸಿ, ಇಲ್ಲದಿದ್ದರೆ ಉಳಿದ ಹಿಡಿಸೂಡಿ ಕಡ್ಡಿ ಸಾಲಾಗಿ ಅಂಟಿಸಿ. ಹಿಂದಿನ ಗುಡ್ಡಕ್ಕೆ ಪಾರ್ಸೆಲ್ ಬಂದ ಕಂದು ಕಾಗದವನ್ನು ಮುದ್ದೆ ಮಾಡಿ, ಅರೆಬರೆ ಬಿಡಿಸಿ ನಿಲ್ಲಿಸಿ. ಬಾಲಯೇಸುವಿನ ಗೊಂಬೆಯನ್ನು ಮಾತ್ರ ಈಗಲೇ ಇಡಬೇಡಿ. ಅದು 24ರ ರಾತ್ರಿ.

ಚಿಲ್ಲರೆ ಕೆಲಸ

ಕೇಕಿಗೆ ಹೇಗೂ ಮೊಟ್ಟೆ ಬೇಕು. ಒಡೆಯುವ ಬದಲು ಎರಡೂ ತುದಿಗೆ ದಬ್ಬಣದಿಂದ ತೂತು ಮಾಡಿ, ಒಳಗಿನದ್ದನ್ನು ಅದೇ ದಬ್ಬಣದಿಂದ ಕದಡಿ, ಬಟ್ಟಲಿಗೆ ಊದಿ ತೆಗೆಯಿರಿ. ಚಿಪ್ಪನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ ಬಣ್ಣ ಬಳಿದರೆ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗುಂಡುಗಳು ಸಿದ್ಧ. ಆರರಲ್ಲಿ ಎರಡು ಒಡೆಯುತ್ತವೆ, ಆಮ್ಲೆಟ್ ಮಾಡಿ.

ಚಿಪ್ಸ್ ಪ್ಯಾಕೆಟ್ಟನ್ನು ಎಸೆಯಬೇಡಿ, ಒಳಮೈ ಬೆಳ್ಳಿಯಂತಿರುತ್ತದೆ. ಬಿಡಿಸಿ ಎಣ್ಣೆ ಹೋಗುವಂತೆ ತೊಳೆದು, ಮೂರು ಬೆರಳು ಅಗಲದ ಪಟ್ಟಿ ಮಾಡಿ. ಒಂದು ಅಂಚು ಬಿಟ್ಟು ಉಳಿದದ್ದನ್ನು ಬಾಚಣಿಗೆ ಹಲ್ಲಿನಂತೆ ಸಣ್ಣಗೆ ಕತ್ತರಿಸಿ ದಾರಕ್ಕೆ ಸುತ್ತಿದರೆ ಮಿರಿಮಿರಿ ಮಾಲೆ. ಮರಕ್ಕೆ ಸರ್ವೆ ಮರದ ಒಂದು ಕೊಂಬೆ ಸಿಕ್ಕಿದರೆ ಬಕೆಟ್ಟಿನ ಮರಳಿನಲ್ಲಿ ನೆಡಿ. ಮೇಲೆ ಹತ್ತಿಯ ಹಿಮ ಹಾಕುವುದು ನಿಮ್ಮಿಷ್ಟ. ಮಂಗಳೂರಿನ ಸೆಕೆಯಲ್ಲಿ ಫ್ಯಾನಿನಡಿ ಕೂತು ನಾವೂ ಹಾಕಿದ್ದೇವೆ.

ಜನವರಿ 6, ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ ಕಳೆದ ಮೇಲೆ ಎಲ್ಲ ಇಳಿಸಿ. ನಕ್ಷತ್ರದ ಕಾಗದವನ್ನು ಪೂರ್ತಿ ಕಿತ್ತು, ಕಡ್ಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಅಟ್ಟಕ್ಕೇರಿಸಿ. ಒಂದು ವರ್ಷ ಹಾಗೇ ಇಟ್ಟಿದ್ದೆವು, ಮೈದಾ ಅಂಟಿನ ರುಚಿಗೆ ಜಿರಳೆಗಳು ನಾಲ್ಕು ತೋಳು ತಿಂದು ಒಂದು ಬಿಟ್ಟಿದ್ದವು. ರಾಗಿ ಪೈರನ್ನು ಹತ್ತಿರದಲ್ಲಿ ಯಾರಾದರೂ ದನ ಸಾಕಿದ್ದರೆ ಕೊಟ್ಟುಬಿಡಿ.