ಮುಖ ಗುರುತಿಸುವ ಹಾಜರಾತಿ: ಶಾಲೆಯಲ್ಲಿ ಮೊದಲ ವಾರದಲ್ಲೇ ಸರಿಮಾಡಿಕೊಳ್ಳಬೇಕಾದದ್ದು

ಮೊಬೈಲ್ ಹಾಜರಾತಿ ತಿಂಗಳೊಳಗೆ ಕೈಕೊಟ್ಟರೆ ಎಲ್ಲರೂ ನೆಟ್‌ವರ್ಕನ್ನೇ ದೂರುತ್ತಾರೆ. ಎಷ್ಟೋ ಸಲ ಎಡವಟ್ಟಾಗಿರುವುದು ಮಕ್ಕಳ ಹೆಸರು, ಫೋಟೊ ಆ್ಯಪ್‌ಗೆ ಸೇರಿಸುವ ನೋಂದಣಿಯ ದಿನವೇ.

ಮೊದಲು ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಪಟ್ಟಿಯನ್ನು ದಾಖಲಾತಿ ವಹಿಯ ಜತೆ ತಾಳೆ ನೋಡಿ. ಟಿ.ಸಿ. ತೆಗೆದುಕೊಂಡು ಹೋದ ಮಗುವಿನ ಹೆಸರು ಉಳಿದಿದ್ದರೆ ದಿನವೂ ಗೈರು ಬೀಳುತ್ತದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಸ್ಯಾಟ್ಸ್ ಸಂಖ್ಯೆ ನೋಡಿಯೇ ಫೋಟೊ ಜೋಡಿಸಿ. ಅವಳಿಗಳಿದ್ದರೆ ಆ್ಯಪನ್ನು ನಂಬದೆ ಕೈಯಾರೆ ಹಾಜರಿ ಹಾಕಿ.

ಫೋಟೊವನ್ನು ಜಗಲಿಯ ನೆರಳಲ್ಲಿ, ಮಗುವಿನ ಮುಖ ಅಂಗಳದ ಬೆಳಕಿಗೆ ತಿರುಗಿರುವಂತೆ ತೆಗೆಯಿರಿ. ಬೆನ್ನ ಹಿಂದೆ ಕಿಟಕಿಯಿದ್ದರೆ ಮುಖ ಕಪ್ಪಾಗುತ್ತದೆ. ಒಂದನೇ ತರಗತಿಯ ಮಕ್ಕಳನ್ನು ನಿಂತುಕೊಂಡು ಮೇಲಿಂದ ತೆಗೆದರೆ ಹಣೆಯಷ್ಟೇ ದೊಡ್ಡದಾಗಿ ಬರುತ್ತದೆ; ಕುಕ್ಕರಗಾಲಲ್ಲಿ ಕೂತು ಮೊಬೈಲನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ನೇರವಾಗಿ ಒಂದು, ತುಸು ಎಡಕ್ಕೆ, ತುಸು ಬಲಕ್ಕೆ ಒಂದೊಂದು ಸಾಕು. ಚಿಕ್ಕವರ ಮುಖ ಬೇಗ ಬದಲಾಗುತ್ತದೆ, ಹಾಗಾಗಿ ಪ್ರತಿ ಜೂನ್‌ನಲ್ಲಿ ಹೊಸದಾಗಿ ತೆಗೆಯಿರಿ. ಮುಡಿ ಕೊಟ್ಟು ಬಂದ ಮಗುವನ್ನು ಆ್ಯಪ್ ಗುರುತಿಸದಿದ್ದರೆ ಅವತ್ತೇ ಒಂದು ಫೋಟೊ ಸೇರಿಸಿ.

ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಕಡತದಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಫೋಟೊ ಶಿಕ್ಷಕರ ಗ್ಯಾಲರಿಯಲ್ಲಿ ಉಳಿಯಕೂಡದು, ವಾಟ್ಸಾಪ್ ಗುಂಪಿಗಂತೂ ಹೋಗಲೇಕೂಡದು.

ಶಿಕ್ಷಕರ ಹಾಜರಿಗೆ ಶಾಲೆಯ ಸ್ಥಳ ಗುರುತಿಸುವಾಗ ಮೈದಾನದ ಬಯಲಲ್ಲಿ ನಿಂತು, ಜಿಪಿಎಸ್ ಸ್ಥಿರವಾದ ಮೇಲೆ ಒತ್ತಿ. ಆರ್‌ಸಿಸಿ ಛಾವಣಿಯಡಿ ಅದು ಹತ್ತಾರು ಮೀಟರ್ ಅಲೆಯುತ್ತದೆ. ಆ ಜಾಗದಿಂದ ಎಷ್ಟು ದೂರದವರೆಗೆ ಹಾಜರಿ ಒಪ್ಪಬೇಕೆಂಬ ಮಿತಿಯನ್ನು 20 ಮೀಟರ್‌ಗೆ ಇಟ್ಟರೆ ತರಗತಿಯಲ್ಲೇ ಇರುವವರು ಹೊರಗಿದ್ದಾರೆಂದು ತೋರಿಸುತ್ತದೆ. 100 ಮೀಟರ್ ಇಡಿ. ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋಗುವವರ ಓಓಡಿಯನ್ನು (ಶಾಲೆಯ ಹೊರಗಿನ ಕರ್ತವ್ಯ) ಹಿಂದಿನ ದಿನವೇ ನಮೂದಿಸಿ.

ಬೆರಳ ಗುರುತು ಓದುವ ಹಾಜರಾತಿ ಯಂತ್ರವಿದ್ದರೆ ಪಕ್ಕದಲ್ಲೊಂದು ಒಣ ಬಟ್ಟೆ ಇಡಿ. ಸೀಮೆಸುಣ್ಣದ ಪುಡಿ ಮೆತ್ತಿದ ಬೆರಳನ್ನು ಯಂತ್ರ ಸರಿಯಾಗಿ ಓದುವುದಿಲ್ಲ.

ನೆಟ್‌ವರ್ಕ್ ಇಲ್ಲದ ಊರಲ್ಲಿ ಹಾಜರಿ ಮೊಬೈಲ್‌ನಲ್ಲೇ ಉಳಿದು ಆಮೇಲೆ ಅಪ್‌ಲೋಡ್ ಆಗುವಂಥ ಆ್ಯಪ್ ಬೇಕು. ಅಪ್‌ಲೋಡ್ ಆಗುವ ಮುಂಚೆ ಮೊಬೈಲ್‌ನಿಂದ ಆ್ಯಪ್ ಅಳಿಸಿದರೆ ಆ ದಿನದ ಹಾಜರಿ ಹೋದಂತೆಯೇ. ದಿನಾಂಕ, ಸಮಯ ಸ್ವಯಂಚಾಲಿತವಾಗಿರಲಿ.

ಕಳುಹಿಸುವ ಮುಂಚೆ ತಲೆ ಎಣಿಸುವುದನ್ನು ಮಾತ್ರ ಎಂದೂ ಬಿಡಬೇಡಿ. ಬಿಸಿಯೂಟದ ಅಕ್ಕಿ ಅಳೆಯುವುದು ಈ ಲೆಕ್ಕದ ಮೇಲೆಯೇ: 1ರಿಂದ 5ನೇ ತರಗತಿಗೆ ತಲಾ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ಐದನೇ ತರಗತಿಯೊಳಗಿನ 60 ಮಕ್ಕಳು ಕೂತಿದ್ದು ಆ್ಯಪ್ 52 ತೋರಿಸಿದರೆ 800 ಗ್ರಾಂ ಅಕ್ಕಿ ಕಡಿಮೆ ಬೀಳುತ್ತದೆ. ಬಿಟ್ಟುಹೋದ ಎಂಟು ಹೆಸರು ಹುಡುಕಿ ಸೇರಿಸಿದ ಮೇಲೆಯೇ ಅಡುಗೆಯವರಿಗೆ ಸಂಖ್ಯೆ ಹೇಳಿ.