ಪಾರ್ಸೆಲ್ ‘ಡೆಲಿವರ್ಡ್’ ಅಂತ ತೋರಿಸುತ್ತಿದೆ, ಕೈಗೆ ಬಂದಿಲ್ಲ. ಈಗೇನು ಮಾಡುವುದು?

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಹಗಲು ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುವವರ ಪಾರ್ಸೆಲ್‌ಗಳನ್ನು ಡೆಲಿವರಿ ಹುಡುಗರು ಇಲ್ಲಿಯೇ ಕೊಟ್ಟು ಹೋಗುತ್ತಾರೆ. ಹಾಗಾಗಿ ಪಾರ್ಸೆಲ್ ಕಾಣೆಯಾದವರೂ ಮೊದಲು ಬಂದು ನಿಲ್ಲುವುದು ನನ್ನ ಕೌಂಟರಿನ ಎದುರಿಗೇ. ‘ಅಕ್ಕಾ, ನಿಮ್ಮಲ್ಲಿ ಕೊಟ್ಟಿದ್ದಾರಾ ನೋಡಿ’ ಎಂದು ಕೇಳುವಾಗಿನ ಅವರ ಮುಖ ನೋಡಿದರೆ ಸಂಕಟವಾಗುತ್ತದೆ. ಅದಕ್ಕಿಂತ ದೊಡ್ಡ ಸಂಕಟ, ವಾಪಸ್ ಸಿಗಬೇಕಾಗಿದ್ದ ದುಡ್ಡನ್ನು ಅವರು ತಪ್ಪು ಬಟನ್ ಒತ್ತಿ, ತಪ್ಪು ನಂಬರಿಗೆ ಫೋನ್ ಮಾಡಿ ಕೈಬಿಡುವುದನ್ನು ನೋಡುವುದು. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಆದರೆ ಅದನ್ನು ಅದೇ ದಿನ ಮಾಡಬೇಕು.

ಮೊದಲು: ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್

ಆ್ಯಪ್ ತೆರೆದು ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ, ಗಂಟೆ, ಯಾರ ಕೈಗೆ ಕೊಟ್ಟದ್ದು ಎಂಬ ಸಾಲು, ಫೋಟೋ ಹಾಕಿದ್ದರೆ ಆ ಫೋಟೋ, ಎಲ್ಲವೂ ಬರಬೇಕು. ನಾಳೆ ಆ ಪುಟ ಹೀಗೇ ಇರುತ್ತದೆಂಬ ಖಾತರಿ ಇಲ್ಲ.

ಎರಡನೆಯದು: ಅರ್ಧ ಗಂಟೆಯ ಹುಡುಕಾಟ

ನಮ್ಮ ಕರಾವಳಿಯಲ್ಲಿ ‘ಕಳೆದುಹೋದ’ ಎಷ್ಟೋ ಪಾರ್ಸೆಲ್‌ಗಳು ಕಳೆದುಹೋಗಿರುವುದೇ ಇಲ್ಲ, ಪಕ್ಕದ ಜಗಲಿಯಲ್ಲಿರುತ್ತವೆ. ಇಲ್ಲಿ ಮನೆಗಳಿಗೆ ಡೋರ್ ನಂಬರಿಗಿಂತ ಹೆಸರೇ ಗುರುತು. ಒಂದೇ ಓಣಿಯಲ್ಲಿ ಎರಡು ‘ಶ್ರೀದೇವಿ ಕೃಪಾ’, ಮೂರು ‘ಮಾತೃಛಾಯಾ’ ಇರುವುದುಂಟು. ಹೋದ ಮಳೆಗಾಲದಲ್ಲಿ ನಾನು ತರಿಸಿದ ಪ್ರಿಂಟರ್ ಟೋನರ್ ಹೀಗೆಯೇ ಹೋಗಿತ್ತು. ಡೆಲಿವರಿ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ: ಕೆಂಪು ಕಾವಿ ನೆಲದ ಮೆಟ್ಟಿಲು, ಅದರ ಬದಿಯಲ್ಲಿ ಹಿಡಿ ಮುರಿದ ನೀಲಿ ಬಕೆಟ್, ಮೇಲೆ ಒಣಗಲು ಹಾಕಿದ ಕೊಡೆ. ನಮ್ಮ ಮನೆಗೆ ಟೈಲ್ಸ್ ಹಾಕಿ ವರ್ಷಗಳಾಗಿವೆ. ಆ ಬಕೆಟ್ ಮಾತ್ರ ಎಲ್ಲೋ ನೋಡಿದ್ದೆ. ಕಡಿಯಾಳಿ ಕಡೆಯ ಒಳರಸ್ತೆಯಲ್ಲಿ, ನಮ್ಮದೇ ಹೆಸರಿನ ಇನ್ನೊಂದು ಮನೆ. ಅಲ್ಲಿಯ ಅಜ್ಜಿ ಪೊಟ್ಟಣವನ್ನು ಒದ್ದೆಯಾಗದ ಹಾಗೆ ಒಳಗಿಟ್ಟು, ಯಾರಾದರೂ ಕೇಳಿಕೊಂಡು ಬಂದಾರೆಂದು ಎರಡು ದಿನ ಕಾದಿದ್ದರು.

ಆದ್ದರಿಂದ ಫೋಟೋದಲ್ಲಿ ಪೊಟ್ಟಣವನ್ನಲ್ಲ, ಅದರ ಸುತ್ತಮುತ್ತ ನೋಡಿ. ನೆಲ, ಬಾಗಿಲಿನ ಬಣ್ಣ, ಗೇಟು, ಚಪ್ಪಲಿ. ಫ್ಲ್ಯಾಟ್ ಆದರೆ ವಾಚ್‌ಮನ್ ಕೋಣೆ, ಮೀಟರ್ ಬೋರ್ಡಿನ ಹಿಂದೆ. ಮಣಿಪಾಲದ ಪಿಜಿ ಆದರೆ ವಾರ್ಡನ್ ಮೇಜು. ಒಂಟಿ ಮನೆಯಾದರೆ ಹತ್ತಿರದ ದಿನಸಿ ಅಂಗಡಿ, ಹಾಲಿನ ಡಿಪೋ. ಅರ್ಧ ಗಂಟೆ ಸಾಕು. ಸಿಗದಿದ್ದರೆ ಮುಂದಿನ ಕೆಲಸ.

ಮೂರನೆಯದು: ದೂರು. ಎಲ್ಲರೂ ಎಡವುವುದು ಇಲ್ಲಿಯೇ

ಒಂದು ದೊಡ್ಡ ತಪ್ಪು, ಡೆಲಿವರಿ ಹುಡುಗನಿಗೇ ಫೋನ್ ಮಾಡುತ್ತಾ ಕೂರುವುದು. ಅವನು ‘ನಾಳೆ ತಂದು ಕೊಡ್ತೇನೆ ಅಕ್ಕ, ಕಂಪ್ಲೇಂಟ್ ಮಾಡ್ಬೇಡಿ’ ಅನ್ನುತ್ತಾನೆ. ಅವನ ಸಂಬಳದಿಂದ ಕಡಿತವಾದೀತೆಂದು ನಮ್ಮ ಮನಸ್ಸೂ ಕರಗುತ್ತದೆ. ನಾಳೆ ನಾಡಿದ್ದಾಗುತ್ತದೆ, ಅಷ್ಟರಲ್ಲಿ ದೂರು ಕೊಡಲು ಕಂಪನಿ ಕೊಟ್ಟ ಅವಧಿ ಮುಗಿದಿರುತ್ತದೆ. ಒಮ್ಮೆ ಫೋನ್ ಮಾಡಿ, ‘ಎಲ್ಲಿ ಕೊಟ್ಟಿದ್ದೀ’ ಎಂದು ಮಾತ್ರ ಕೇಳಿ. ಉತ್ತರ ಏನೇ ಬರಲಿ, ಅದೇ ದಿನ ದೂರು ದಾಖಲಿಸಿ. ಪಾರ್ಸೆಲ್ ಸಿಕ್ಕಿದರೆ ದೂರು ಹಿಂಪಡೆಯಲು ಎರಡು ನಿಮಿಷ.

ಇನ್ನೊಂದು, ಆ್ಯಪ್‌ನಲ್ಲಿ ‘ರಿಟರ್ನ್’ ಒತ್ತುವುದು. ಇದನ್ನು ನಾನು ನೋಡಿ ನೋಡಿ ಸಾಕಾಗಿದೆ. ರಿಟರ್ನ್ ಅಂದರೆ ‘ವಸ್ತು ನನಗೆ ಸಿಕ್ಕಿದೆ, ಬೇಡ, ತೆಗೆದುಕೊಂಡು ಹೋಗಿ’ ಎಂದು ನೀವೇ ಬರೆದುಕೊಟ್ಟ ಹಾಗೆ. ಮೂರನೇ ದಿನ ಪಿಕಪ್ ಹುಡುಗ ಬರುತ್ತಾನೆ, ಕೊಡಲು ನಿಮ್ಮಲ್ಲಿ ಏನೂ ಇಲ್ಲ. ‘ಗ್ರಾಹಕರು ವಸ್ತು ಕೊಡಲಿಲ್ಲ’ ಎಂದು ದಾಖಲಾಗಿ ರಿಟರ್ನ್ ರದ್ದಾಗುತ್ತದೆ. ಆಮೇಲೆ ಎಷ್ಟು ಹೇಳಿದರೂ ಚಾಟ್‌ನಲ್ಲಿರುವವರು ನಿಮ್ಮ ಹಳೆಯ ಕ್ಲಿಕ್ಕನ್ನೇ ತೋರಿಸುತ್ತಾರೆ. ಆರ್ಡರ್ ಪುಟದ ಸಹಾಯ ವಿಭಾಗದಲ್ಲಿ ‘ಡೆಲಿವರ್ಡ್ ಎಂದು ತೋರಿಸುತ್ತಿದೆ, ಸಿಕ್ಕಿಲ್ಲ’ ಎಂಬರ್ಥದ ಆಯ್ಕೆ ಬೇರೆಯೇ ಇರುತ್ತದೆ. ಕಾಣದಿದ್ದರೆ ಚಾಟ್ ತೆರೆದು ಬರೆಯಿರಿ. ರಿಟರ್ನ್ ಮಾತ್ರ ಒತ್ತಬೇಡಿ.

ಬರೆಯುವಾಗ ಸಿಟ್ಟು ಬೇಡ, ಕಥೆಯೂ ಬೇಡ. ನಾನು ಬರೆಸುವುದು ಇಷ್ಟೇ: ‘ಆರ್ಡರ್ ಸಂಖ್ಯೆ ಇಂಥದ್ದು. ಇಂಥ ದಿನ, ಇಂಥ ಗಂಟೆಗೆ ತಲುಪಿದೆ ಎಂದು ತೋರಿಸುತ್ತಿದೆ. ವಸ್ತು ನನಗಾಗಲಿ ಮನೆಯವರಿಗಾಗಲಿ ಸಿಕ್ಕಿಲ್ಲ. ನಾನು ಯಾರಿಗೂ ಒಟಿಪಿ ಕೊಟ್ಟಿಲ್ಲ. ಡೆಲಿವರಿಯ ಪುರಾವೆಯನ್ನು, ಅಂದರೆ ಸಹಿ, ಫೋಟೋ ಮತ್ತು ತಲುಪಿಸಿದ ಜಾಗದ ಲೊಕೇಶನನ್ನು ಕಳುಹಿಸಿ. ಇಲ್ಲವಾದರೆ ಹಣ ಮರಳಿಸಿ.’ ‘ಪುರಾವೆ ಕಳುಹಿಸಿ’ ಎಂಬ ಮಾತು ಇಡೀ ದೂರಿನ ಜೀವ. ತಲುಪಿದ್ದನ್ನು ತೋರಿಸಿಕೊಡಬೇಕಾದವರು ಅವರು. ತಲುಪದೇ ಇರುವುದನ್ನು ನೀವು ಹೇಗೆ ತೋರಿಸುವುದು? ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಾಟ್ ಕಿಟಕಿ ಮುಚ್ಚುವ ಮೊದಲು ಅದರದ್ದೂ ಸ್ಕ್ರೀನ್‌ಶಾಟ್ ತೆಗೆಯಿರಿ.

ಒಟಿಪಿ ವಿಷಯದಲ್ಲಿ ಸುಳ್ಳು ಬರೆಯಬೇಡಿ, ಕೊಟ್ಟಿದ್ದರೆ ಕೊಟ್ಟದ್ದನ್ನೇ ಹೇಳಿ. ನಮ್ಮೂರಿನಲ್ಲಿ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಆರ್ಡರ್ ಮಾಡುವ ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾನೆ, ಪಾರ್ಸೆಲ್ ಬರುವುದು ಊರಿನಲ್ಲಿರುವ ಅಪ್ಪ ಅಮ್ಮನಿಗೆ. ಹುಡುಗ ‘ಗೇಟಿನ ಹತ್ರ ಇದ್ದೇನೆ ಸರ್’ ಅಂದನೆಂದು ಮಗ ಮೀಟಿಂಗಿನ ನಡುವೆ ಒಟಿಪಿ ಹೇಳಿಬಿಡುತ್ತಾನೆ. ಒಟಿಪಿ ಕೊಟ್ಟದ್ದು ಸಹಿ ಹಾಕಿದ್ದಕ್ಕೆ ಸಮ. ಪೊಟ್ಟಣ ಅಮ್ಮನ ಕೈಯಲ್ಲಿ ಉಂಟೆಂದು ಅಮ್ಮನ ಬಾಯಿಂದಲೇ ಕೇಳಿದ ಮೇಲೆ ಹೇಳಿ. ಹುಡುಗನಿಗೆ ಎಷ್ಟೇ ಅವಸರವಿರಲಿ.

ಕಂಪನಿ ‘ನಮ್ಮ ತನಿಖೆಯಲ್ಲಿ ತಲುಪಿದೆ ಎಂದು ಕಂಡುಬಂದಿದೆ’ ಎಂದು ದೂರನ್ನು ಮುಚ್ಚಿದರೆ ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಮಾರಾಟ ತಾಣವೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತಾಣದಲ್ಲೇ ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳ ಒಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಾಣದ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಆ ವಿಳಾಸ ಇರುತ್ತದೆ. ಮೇಲಿನ ಒಕ್ಕಣೆಯನ್ನೇ ಇಮೇಲ್ ಮಾಡಿ, ಸ್ಕ್ರೀನ್‌ಶಾಟ್‌ಗಳನ್ನೂ ಬಿಲ್ಲನ್ನೂ ಲಗತ್ತಿಸಿ. ಚಾಟ್‌ನಲ್ಲಿ ಸಿಗದ ಉತ್ತರ ಇಲ್ಲಿಂದ ಬಂದದ್ದನ್ನು ನನ್ನ ಕೌಂಟರಿನಲ್ಲೇ ಕಂಡಿದ್ದೇನೆ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ

ಇದು ಹೆಜ್ಜೆಯಲ್ಲ, ಎಚ್ಚರಿಕೆ. ಹಾಗೆ ಹುಡುಕಿದಾಗ ಸಿಗುವ ನಂಬರುಗಳಲ್ಲಿ ವಂಚಕರು ಹಾಕಿದ್ದೂ ಇರುತ್ತವೆ. ‘ರಿಫಂಡ್ ಮಾಡ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದರೆ ಫೋನ್ ಇಟ್ಟುಬಿಡಿ. ರಿಫಂಡ್ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ‘ನಿಮ್ಮ ವಿಳಾಸ ಅಪೂರ್ಣ, ಪಾರ್ಸೆಲ್ ಗೋದಾಮಿನಲ್ಲಿದೆ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಲಿಂಕ್ ಕೂಡ ಅದೇ ಜಾತಿ. ಈಚೆಗೆ ಇನ್ನೊಂದು ಬಂದಿದೆ: ‘ಡೆಲಿವರಿಯವರ ಜೊತೆ ಮಾತಾಡಲು *21* ಹಾಕಿ ಈ ನಂಬರ್ ಒತ್ತಿ’ ಅನ್ನುತ್ತಾರೆ. ಒತ್ತಿದರೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತವೆ. ಒತ್ತಿಬಿಟ್ಟಿದ್ದರೆ ತಕ್ಷಣ ##002# ಡಯಲ್ ಮಾಡಿ ರದ್ದು ಮಾಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಮಂಗಳೂರಿನಲ್ಲೂ ಉಂಟು, ಉಡುಪಿಯಲ್ಲೂ ಉಂಟು, ಆದರೆ ಬಸ್ಸು ಹತ್ತುವ ಮೊದಲು 1930.

ನಾಲ್ಕನೆಯದು: ಹೊರಗಿನವರ ಸಹಾಯ

ಕಂಪನಿ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕಾರ್ಡಿನಲ್ಲಿ ಹಣ ಕೊಟ್ಟವರು ಬ್ಯಾಂಕಿಗೆ ‘ವಸ್ತು ತಲುಪಿಲ್ಲ’ ಎಂದು ಲಿಖಿತವಾಗಿ ತಕರಾರು ಕೊಟ್ಟು, ಕೊಟ್ಟ ಹಣವನ್ನು ಬ್ಯಾಂಕೇ ಮಾರಾಟಗಾರನಿಂದ ಹಿಂಪಡೆಯುವ ಚಾರ್ಜ್‌ಬ್ಯಾಕ್ ಕೇಳಬೇಕು. ಇದಕ್ಕೂ ಗಡುವಿದೆ, ಮುಂದೂಡಬೇಡಿ. ಬೆಲೆಬಾಳುವ ವಸ್ತುವನ್ನು ನಾನು ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ಕೊಳ್ಳುವುದು ಈ ಒಂದು ಕಾರಣಕ್ಕೆ. ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಪೊಲೀಸ್ ದೂರು ಯಾವಾಗ? ಪೊಟ್ಟಣ ನಿಮ್ಮ ಜಗಲಿಗೆ ಬಂದು, ಅಲ್ಲಿಂದ ಯಾರೋ ಎತ್ತಿಕೊಂಡು ಹೋದದ್ದು ಸಿಸಿಟಿವಿಯಲ್ಲಿ ಕಂಡರೆ ಅದು ಕಳವು, ಠಾಣೆಗೆ ಹೋಗಿ. ₹5,000ಕ್ಕಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು ಈಗಿನ ಕಾನೂನಿನಲ್ಲಿ ಪೊಲೀಸರು ನ್ಯಾಯಾಲಯದ ಅನುಮತಿ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಹಾಗಾಗಿ ಎಫ್‌ಐಆರ್ ಆಗಲಿಲ್ಲವೆಂದು ಜಗಳಕ್ಕೆ ನಿಲ್ಲದೆ, ದೂರು ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಂಡು ಬನ್ನಿ. ಕರ್ನಾಟಕ ಪೊಲೀಸರ ‘ಇ-ಲಾಸ್ಟ್’ ಆ್ಯಪ್ ಬಳಸಿ ಮುಗಿಸುವ ಸುಲಭದ ದಾರಿ ಬೇಡ. ಅದು ಕಳೆದುಕೊಂಡ ವಸ್ತುಗಳಿಗೆ, ಕದ್ದವುಗಳಿಗಲ್ಲ. ದಾರಿಯಲ್ಲೇ ಕಾಣೆಯಾದ ಪೊಟ್ಟಣದ ಕಥೆ ಬೇರೆ. ಅದು ನಿಮ್ಮ ಕೈಗೆ ಬಂದೇ ಇಲ್ಲ, ತಲುಪಿಸುವ ಹೊಣೆ ಮಾರಿದವರದ್ದು. ‘ಮೊದಲು ಪೊಲೀಸ್ ದೂರು ತನ್ನಿ, ಆಮೇಲೆ ರಿಫಂಡ್’ ಎಂದರೆ ಆ ಮಾತನ್ನು ಬರಹದಲ್ಲಿ ಕೊಡಲು ಹೇಳಿ.

ಕಾಣೆಯಾದದ್ದು ಮೊಬೈಲ್ ಆದರೆ ಬಿಲ್ ನೋಡಿ, ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಸಾಮಾನ್ಯವಾಗಿ ಅದರಲ್ಲೇ ಮುದ್ರಿತವಾಗಿರುತ್ತದೆ. ಪೊಲೀಸ್ ದೂರಿನ ಪ್ರತಿ, ಬಿಲ್ಲು ಎರಡನ್ನೂ ಹಿಡಿದು ‘ಸಂಚಾರ್ ಸಾಥಿ’ ತಾಣದಲ್ಲಿ ಆ ಫೋನನ್ನು ಬ್ಲಾಕ್ ಮಾಡಿಸಬಹುದು.

ಅಂಚೆಯಲ್ಲಿ ಬರುವ ಪಾರ್ಸೆಲ್‌ಗೆ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಇರುವ 13 ಸ್ಥಾನದ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ನಿಮ್ಮ ವಿತರಣಾ ಅಂಚೆ ಕಚೇರಿಗೇ ಹೋಗಿ. ಪೋಸ್ಟ್‌ಮ್ಯಾನ್‌ಗೆ ನಿಮ್ಮ ಬೀದಿ ಗೊತ್ತಿರುತ್ತದೆ, ಅಲ್ಲೇ ಇತ್ಯರ್ಥವಾಗುವುದೇ ಹೆಚ್ಚು. ಆದರೆ ಸ್ಪೀಡ್ ಪೋಸ್ಟ್ ಕಳೆದುಹೋದರೆ ಇಲಾಖೆ ಕೊಡುವ ಪರಿಹಾರ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ ₹1,000, ಇವುಗಳಲ್ಲಿ ಕಡಿಮೆಯದ್ದು. ಆದ್ದರಿಂದ ವಸ್ತುವಿನ ಬೆಲೆಯನ್ನು ಮಾರಿದವರಿಂದಲೇ ಕೇಳಬೇಕು.

ಐದನೆಯದು: ಆಯೋಗ

ಯಾವುದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಉಡುಪಿಯವರಿಗೆ ಉಡುಪಿ, ಮಂಗಳೂರಿನವರಿಗೆ ಮಂಗಳೂರು. ಎರಡು ವರ್ಷದೊಳಗೆ ಹಾಕಬೇಕು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ‘ಇ-ಜಾಗೃತಿ’ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಒಂದು ಮಾತು: ಎದುರು ಪಕ್ಷವಾಗಿ ಆ್ಯಪ್ ಕಂಪನಿಯ ಹೆಸರನ್ನು ಮಾತ್ರ ಹಾಕಬೇಡಿ. ‘ನಾವು ಮಧ್ಯವರ್ತಿ ಅಷ್ಟೇ’ ಎಂದು ಅವರು ಜಾರಿಕೊಳ್ಳಲು ನೋಡುತ್ತಾರೆ. ಬಿಲ್ಲಿನಲ್ಲಿರುವ ಮಾರಾಟಗಾರನ ಹೆಸರು, ವಿಳಾಸವನ್ನೂ ಸೇರಿಸಿ.

ಮುಂದಿನ ಪಾರ್ಸೆಲ್‌ಗೆ

ಗೇಟಿಗೆ ಸಿಕ್ಕಿಸುವ ನಂಬರ್ ಲಾಕಿನ ಅಗ್ಗದ ಡಬ್ಬಿಗಳನ್ನು ಕೊಳ್ಳಬೇಡಿ. ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಲಾಕು ತುಕ್ಕು ಹಿಡಿದು ಕೂರುತ್ತದೆ. ನನ್ನ ಎದುರು ಮನೆಯವರು ಕೊನೆಗೆ ಅದನ್ನು ಸುತ್ತಿಗೆಯಿಂದ ಒಡೆದು ತೆಗೆದರು. ಕ್ಯಾಶ್ ಆನ್ ಡೆಲಿವರಿ ಸುರಕ್ಷಿತ ಎಂಬುದೂ ಅರ್ಧ ಸತ್ಯ: ಯಾರೂ ಆರ್ಡರ್ ಮಾಡದ ಪೊಟ್ಟಣಕ್ಕೆ ‘ಮಗ ಮಾಡಿರಬೇಕು’ ಎಂದು ದುಡ್ಡು ಕೊಟ್ಟ ಹಿರಿಯರಿದ್ದಾರೆ. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳದೆ ಇದ್ದ ಪಾರ್ಸೆಲ್‌ಗೆ ದುಡ್ಡು ಕೊಡುವುದಿಲ್ಲ ಎಂದು ಅಮ್ಮನಿಗೆ ಹೇಳಿಡಿ. ಟೇಪು ಎರಡು ಸಲ ಅಂಟಿಸಿದ ಹಾಗೆ ಕಂಡರೆ ತೆಗೆದುಕೊಳ್ಳಲೇಬೇಡಿ. ತೆಗೆದುಕೊಂಡಿದ್ದರೆ ಆರೂ ಬದಿ ತೋರಿಸಿ, ಲೇಬಲ್ಲಿನಿಂದ ಶುರು ಮಾಡಿ, ನಿಲ್ಲಿಸದೆ ವಿಡಿಯೋ ಮಾಡುತ್ತಾ ಬಿಚ್ಚಿ. ಲೇಬಲ್ಲಿನಲ್ಲಿ ತೂಕ ಬರೆದಿದ್ದರೆ ಬಿಚ್ಚುವ ಮೊದಲು ತೂಕ ಹಾಕಿ ಅದೂ ವಿಡಿಯೋದಲ್ಲಿ ಬರಲಿ.

ವಿಳಾಸ ಮಾತ್ರ ಇವತ್ತೇ ತಿದ್ದಿ. ಮನೆಯ ಹೆಸರೊಂದನ್ನೇ ಬರೆದರೆ ಸಾಲದು. ಡೋರ್ ನಂಬರ್, ಮನೆಯ ಹೆಸರು, ಅಡ್ಡರಸ್ತೆ, ಕಣ್ಣಿಗೆ ಕಾಣುವ ಒಂದು ಗುರುತು, ಅದು ಭಜನಾ ಮಂದಿರವಿರಲಿ, ನಾಗಬನವಿರಲಿ. ಗುರುತಿನಿಂದ ಎಡಕ್ಕೋ ಬಲಕ್ಕೋ ಎಂಬುದನ್ನೂ ಬರೆಯಿರಿ. ಪಿನ್‌ಕೋಡ್ ಊಹೆಯಿಂದ ಹಾಕಬೇಡಿ; ಉಡುಪಿ 576101, ಕುಂಜಿಬೆಟ್ಟು 576102, ಮಣಿಪಾಲ 576104. ಕೊನೆಯ ಸಾಲಿನಲ್ಲಿ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎಲ್ಲಿ ಕೊಡಬೇಕೆಂದು ಸೇರಿಸಿ, ಆದರೆ ಆ ಅಂಗಡಿಯವರನ್ನು ಮೊದಲು ಒಂದು ಮಾತು ಕೇಳಿ. ಸಂಜೆ ಏಳೂವರೆಗೆ ನಾನು ಶಟರ್ ಎಳೆಯುತ್ತೇನೆ, ಅದನ್ನೂ ಕೆಲವರು ವಿಳಾಸದಲ್ಲೇ ಬರೆದಿದ್ದಾರೆ. ಅವರ ಪಾರ್ಸೆಲ್ ಇದುವರೆಗೆ ಒಂದೂ ತಪ್ಪಿಲ್ಲ.